ಎಡಗೈ ಹೆಬ್ಬೆಟ್ಟು

ಕಾನ್‌ಸ್ಟೇಬಲ್ ವೆಂಕಟರೋಣಪ್ಪ ಬೈಕಿನಿಂದ ಇಳಿಯಲೇ ಇಲ್ಲ.
ಹತ್ತು ಫಾರಂ ಕೊಟ್ಟ, ರೂಮಿಗೊಂದು.
"ಸೋಮವಾರದೊಳಗೆ ತುಂಬ್ಸಮ್ಮ. ಹೆಸರು, ಊರು, ಫೋಟೊ,
ಎಡಗೈ ಹೆಬ್ಬೆಟ್ಟು.
ಎರಡನೇ ಕೀಲಿ ನಿನ್ನ ಹತ್ರ ಇರ್ತದಲ್ಲ,
ಅವರು ಪಾಳಿಗೆ ಹೋದಾಗ ಸುಮ್ನೆ ಒಂದು ಕಣ್ಣಾಡ್ಸು."

ತಪ್ಪು ಅವನದೆಂದು ಹೇಗೆ ಹೇಳಲಿ.
ಹೋದ ತಿಂಗಳು ಹಿಂದಿನ ಬೀದಿಯ ಚೌಡಮ್ಮನ
ಕೊರಳಿಗೇ ಕೈ ಹಾಕಿದರು, ಹಾಡಹಗಲು.
ಗಾಯಕ್ಕೆ ಹಚ್ಚಿದ ಅರಿಶಿನ ನಾನೇ ತೇಯ್ದದ್ದು.
ಅಂದಿನಿಂದ ಕದಕ್ಕೆ ಒನಕೆ ಆನಿಸಿ ಮಲಗುತ್ತೇನೆ.
ಯಾರೆಂದು ಇವತ್ತಿಗೂ ಗೊತ್ತಿಲ್ಲ.
ಗೊತ್ತಿಲ್ಲದ್ದಕ್ಕೇ ನರಸಾಪುರವೆಲ್ಲ
ಹಿಂದಿ ಮಾತಾಡುವವರ ಕಡೆ ನೋಡುತ್ತದೆ.

ಆರನೇ ರೂಮಿನ ರಫಿಕುಲ್, ಬರ್ಪೇಟದ ಕಡೆಯವನು,
ಫ್ಯಾಕ್ಟರಿಯಲ್ಲಿ ಸ್ಕೂಟರಿಗೆ ಕನ್ನಡಿ ಕೂರಿಸುತ್ತಾನೆ.
ಫಾರಂ ಎಂದ ಕೂಡಲೇ ಒಳಗೋಡಿ
ಪ್ಲಾಸ್ಟಿಕ್ ಕವರು ತಂದ.
ಕೇಳಿದ್ದು ಒಂದು, ಹೊರಗೆ ಬಂದದ್ದು ಹದಿಮೂರು ಕಾಗದ.
ತಾತನ ಹೆಸರಿದ್ದ ಓಟಿನ ಪಟ್ಟಿ,
ಅಪ್ಪನ ಶಾಲೆಯ ಚೀಟಿ,
ನದಿ ನುಂಗಿದ ಹೊಲದ ಕಂದಾಯ ರಸೀದಿ.
"ಎಲ್ಲಾ ಇದೆ ಆಂಟಿ."
ಹಾಗೆ ಹೇಳುವಾಗ ಚಪ್ಪಲಿ ಬಿಟ್ಟು ನಿಂತಿದ್ದ,
ನನ್ನ ಜಗಲಿಯಲ್ಲಿ, ನನ್ನೆದುರು.

ರಾತ್ರಿ ಎಸ್ತರ್ ಫೋನು ಮಾಡಿದಳು, ಮ್ಯೂನಿಕ್ಕಿಂದ.
ಮುದುಕರನ್ನು ನೋಡಿಕೊಳ್ಳುವ ಆಸ್ಪತ್ರೆಯಲ್ಲಿ ನರ್ಸು, ನನ್ನ ಮಗಳು.
ರಜೆಗೆ ಸಾಲ್ಜ್‌ಬರ್ಗಿಗೆ ಹೋಗಿದ್ದಳಂತೆ,
ಬರುವಾಗ ಗಡಿಯಲ್ಲಿ ರೈಲು ನಿಂತಿತು.
ಮೊದಲೆಲ್ಲ ಅಲ್ಲಿ ಗಡಿಯೆಂದರೆ ಒಂದು ಬೋರ್ಡು ಅಷ್ಟೇ,
ನಾವು ಬಂಗಾರಪೇಟೆಯಲ್ಲಿ ಹತ್ತಿ ಕುಪ್ಪಂನಲ್ಲಿ ಇಳಿದ ಹಾಗೆ.
ಈಗ ಪೊಲೀಸರು ಹತ್ತುತ್ತಾರೆ.
ಬೋಗಿಯಲ್ಲಿ ಎಪ್ಪತ್ತು ಜನ, ಕೇಳಿದ್ದು ಮೂವರನ್ನು.
"ಯಾವ ಮೂವರು ಅಂತ ಕೇಳಬೇಡಮ್ಮ."
ಬೈಯಲಿಲ್ಲ, ಮುಟ್ಟಲಿಲ್ಲ, ಥ್ಯಾಂಕ್ಸ್ ಕೂಡ ಹೇಳಿದರಂತೆ.
ಯಾವುದೋ ಸಂತೆಯಲ್ಲಿ ಯಾರೋ ಚಾಕು ಬೀಸಿದ ಮೇಲೆ
ಅವಳ ವಾರ್ಡಿನ ಅಜ್ಜಿಯೊಬ್ಬಳು ಕಿಟಕಿ ತೆಗೆಯಗೊಡುವುದಿಲ್ಲ,
ಎಸ್ತರಳ ಕೈ ಹಿಡಿದುಕೊಂಡೇ ಹೇಳುತ್ತಾಳೆ:
ಹೊರಗಿನವರು ಜಾಸ್ತಿಯಾದರು ಕಣೇ.

"ಆದರೂ ಅಮ್ಮ, ಓನರ್ರು ಹೇಳದೆ ನನ್ನ ರೂಮಿಗೆ
ಕಾಲಿಡೋ ಹಾಗಿಲ್ಲ ಇಲ್ಲಿ. ಇಟ್ಟರೆ ಕೋರ್ಟಿಗೆ ಹೋಗಬಹುದು."
ಹ್ಞೂಂ ಎಂದೆ.
ಸೊಂಟದ ಗೊಂಚಲಲ್ಲಿ
ಹತ್ತು ಕೀಲಿ.

ನನ್ನ ತಾತ ಅರುಳಪ್ಪ ಚಾಂಪಿಯನ್ ರೀಫಿನಲ್ಲಿ ಇಳಿಯುತ್ತಿದ್ದವನು.
ಮೇಲೆ ಬಂದರೆ ಬಾಯಿ ತೆರೆಸಿ, ತಲೆಗೂದಲು ಬಿಚ್ಚಿಸಿ
ಹುಡುಕುತ್ತಿದ್ದರಂತೆ, ಗುಲಗಂಜಿ ತೂಕದ ಚಿನ್ನಕ್ಕೆ.
ಅದಕ್ಕೆಲ್ಲ ಬಗ್ಗಿದವನು
ದೊರೆಗಳು ಹೆಬ್ಬೆಟ್ಟು ಕೇಳಿದ ವರ್ಷ ಬಗ್ಗಲಿಲ್ಲ.
ಒಬ್ಬನಲ್ಲ, ಕಾಲೋನಿಗೆ ಕಾಲೋನಿಯೇ
ಗಣಿಗಿಳಿಯದೆ ಕೂತಿತು.
"ಮೈ ನೋಡಿ ಬಿಡ್ತಾರೆ ಮಗಳೇ,
ಬೆರಳು ತಗೊಂಡರೆ ಇಟ್ಕೊತಾರೆ."

ಆಗ ತಿಳಿಯಲಿಲ್ಲ.
ಅದೇ ಬೆರಳು ಒತ್ತಿ ರೇಷನ್ ಅಕ್ಕಿ ತಂದವಳು ನಾನು.
ಬೂದಿಯಲ್ಲಿ ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದು
ಯಂತ್ರ ಒಪ್ಪದ ದಿನ
ಖಾಲಿ ಚೀಲ ಮಡಚಿಕೊಂಡು ಬಂದವಳೂ.

ಭಾನುವಾರ ಹತ್ತೂ ಫಾರಂ ತುಂಬಿಸಿದೆ.
ರಫಿಕುಲ್ ಕೇಳುವ ಮೊದಲೇ ಬೆರಳು ಚಾಚಿದ,
ಕನ್ನಡಿ ಕೊಯ್ದ ಗಾಯ, ಗೆರೆಗೆ ಅಡ್ಡ ಒಂದು ಬಿಳಿ ಗೆರೆ.
ಮಸಿ ಒರೆಸಿಕೊಳ್ಳಲು ಬಟ್ಟೆ ಕೊಟ್ಟೆ.
ಆಮೇಲೆ, ಯಾಕೋ,
ಗೊಂಚಲಿನಿಂದ ಆರನೇ ಕೀಲಿ ಬಿಡಿಸಿ ಅವನ ಕೈಗಿಟ್ಟೆ.

ಅವನ ಮುಖ ಬಿಳಿಚಿತು.
"ಖಾಲಿ ಮಾಡಬೇಕಾ ಆಂಟಿ?"

ಅಲ್ಲಪ್ಪ, ಅದು ಹಾಗಲ್ಲ ಎನ್ನಲು
ನನ್ನ ಹಿಂದಿ ಸಾಲಲಿಲ್ಲ.
ಕನ್ನಡದಲ್ಲಾದರೂ
ಏನು ಹೇಳುತ್ತಿದ್ದೆನೋ.

ಆ ರಾತ್ರಿಯೂ ಒನಕೆ ಆನಿಸಿಯೇ ಮಲಗಿದೆ.
ಮಗ್ಗುಲಾದಾಗಲೆಲ್ಲ ಸೊಂಟಕ್ಕೆ ಒತ್ತುತ್ತಿದ್ದವು
ಮಿಕ್ಕ ಒಂಬತ್ತು.