ಎರಡು ಗಾಳಿ

ಬೆಳಗ್ಗೆ ಹೊಳಲ್ಕೆರೆ ರಸ್ತೆಯ ಪಾಲಯ್ಯನ ಅಂಗಡಿಯಲ್ಲಿ
ಗಾಳಿ ಹೊಡೆಸಿಕೊಂಡೆ. ದಪ್ಪ ಟೈರು ಅಮುಕಿ ನೋಡಿ
"ಕಲ್ಲುದಾರಿಗೆ ಸ್ವಲ್ಪ ಮೆತ್ತಗೇ ಇರ್ಲಿ ಮೇಡಂ" ಅಂದ.

ಚಂದ್ರವಳ್ಳಿ ದಾಟಿದ ಮೇಲೆ ಡಾಂಬರು ಮುಗಿಯಿತು.
ಗರಸು, ಗರಸಿನ ಮೇಲೆ ಗರಸು,
ಹಲ್ಲಿನ ಬುಡಕ್ಕೇ ಬರುವ ನಡುಕ,
ಸೀತಾಫಲದ ಪೊದೆ ಗೀರಿದ ಮೊಣಕೈ.
ಬಂಡೆಗಳು ಮಾತ್ರ, ಯಾರೋ ಆಡುತ್ತಿದ್ದವರು
ಊಟಕ್ಕೆ ಕರೆದರೆಂದು ಹಾಗೇ ಬಿಟ್ಟು ಓಡಿದಂತೆ
ಒಂದರ ಮೇಲೊಂದು.

ಜಾಲಿಮುಳ್ಳು. ಹಿಂದಿನ ಚಕ್ರ ಉಸ್ಸೆಂದಿತು.

ಗವಿಯ ಬಾಯಲ್ಲಿ ಸೈಕಲ್ಲು ಮಲಗಿಸಿದೆ.
ತಗ್ಗಿ ಹೊಕ್ಕರೂ ಹೆಲ್ಮೆಟ್ಟಿಗೆ ಟಕ್ಕೆಂದಿತು ಕಲ್ಲು.
ಇಲ್ಲಿದ್ದವರು ನನಗಿಂತ ಗಿಡ್ಡರೋ,
ನನಗಿಂತ ಚೆನ್ನಾಗಿ ಬಾಗಬಲ್ಲವರೋ.
ಗೋಡೆಗೆ ಮಸಿ. ಮಲಗಿ ಮಲಗಿ ನುಣುಪಾದ ಹಾಸು.
ಮೂಲೆಯ ಕಲ್ಲುಬಾನಿಯಲ್ಲಿ ಮೊನ್ನೆಯ ಮಳೆ, ಒಂದು ಗೇಣು.

ಟ್ಯೂಬು ಅದ್ದಿ ತಿರುವುತ್ತ ಹೋದೆ.
ಗುಳುಕ್.
ಗುಳುಕ್.
ಪಾಲಯ್ಯನ ಕಂಪ್ರೆಸರಿನ ಗಾಳಿ
ಡೀಸೆಲ್ಲು, ಮಿರ್ಚಿ ಎಣ್ಣೆ, ಬಸ್‌ಸ್ಟ್ಯಾಂಡಿನ ಬೆಳಗು ಸಮೇತ
ಮಣಿ ಮಣಿಯಾಗಿ ಮೇಲೆದ್ದು
ಯಾರೋ ಕೊನೆಯ ಸಲ ಒಲೆ ಊದಿದ ಕತ್ತಲಲ್ಲಿ
ಕಲೆತುಹೋಯಿತು.

ತೇಪೆ ಹಚ್ಚಿ, ಅಲ್ಲೇ ಕೂತು ಕೈಪಂಪು ಒತ್ತಿದೆ,
ಮುನ್ನೂರ ಹನ್ನೆರಡು ಸಲ.
ಭುಜ ಸೋತಿತು. ಗವಿ ಸೋಲಲಿಲ್ಲ,
ಕೇಳಿದಷ್ಟೂ ಕೊಟ್ಟಿತು.

ಸಂಜೆ ಪಾಲಯ್ಯ ರಸ್ತೆಯಾಚೆಯಿಂದಲೇ ಕೂಗಿದ:
"ಹಿಂದಿಂದ್ರಾಗೆ ಗಾಳಿ ಕಮ್ಮಿ ಐತಲ್ಲ, ತುಂಬ್ಲಾ?"
ಬೇಡ ಅಂದೆ. ಯಾಕೆಂದು ಹೇಳಲಿಲ್ಲ.

ಮೂರು ವಾರವಾಯಿತು.
ಬಾಗಿಲ ಹಿಂದೆ ನಿಂತಿದೆ ಸೈಕಲ್ಲು.
ವಾಲ್ವಿನ ಮುಚ್ಚಳ ನಾನು ಮುಟ್ಟಿಲ್ಲ,
ತೇಪೆಯೂ ಗಟ್ಟಿಯಾಗೇ ಇದೆ.
ಆದರೂ ದಿನಕ್ಕಿಷ್ಟು ಮೆತ್ತಗಾಗುತ್ತಿದೆ ಚಕ್ರ,
ಮನೆಯೊಳಗೆ.