ಸೀಸೆ ತೊಳೆದವನ ಮಾತು

ನನ್ನ ಕೆಲಸ ಸೀಸೆ ತೊಳೆಯುವುದು.
ಮೂವತ್ತೆಂಟು ವರ್ಷ, ಬ್ರಿಟನಿಯ ಬಡಗಣ ದಂಡೆ,
ಕಡಲ ಪ್ರಯೋಗಾಲಯದ ಹಿಂಬದಿಯ ಕಲ್ಲುತೊಟ್ಟಿ.
ಹಾಗಾಗಿ ಸೊಲಾಂಜ್ ಪ್ರಾದೆಲ್ ಬಗ್ಗೆ ನನ್ನನ್ನು ಕೇಳಿದರೆ
ಮೊದಲು ನೆನಪಾಗುವುದು ವಾಸನೆ:
ಸ್ಪಿರಿಟ್ಟು, ಪಾಚಿ, ಒದ್ದೆ ಉಣ್ಣೆ.

ಕಡಲು ಕಾಣದ ಊರಿನವಳು. ತಿಯೇರ್.
ಅಲ್ಲಿ ಊರಿಗೆ ಊರೇ ಚೂರಿ ಮಾಡುತ್ತದೆ.
ಅಪ್ಪ ಸಾಣೆಯವ; ಹಲಗೆಯ ಮೇಲೆ ಬೋರಲು ಮಲಗಿ
ಮೂಗಿನ ಕೆಳಗೆ ತಿರುಗುವ ಕಲ್ಲಿಗೆ ಅಲಗು ಒತ್ತುವವನು,
ಹೊಳೆಯ ಥಂಡಿಗೆ ಮರಗಟ್ಟದಿರಲೆಂದು
ಕಾಲ ಮೇಲೊಂದು ನಾಯಿ ಮಲಗಿಸಿಕೊಳ್ಳುವವನು.
ಮಗಳೂ ಬೋರಲೇ ಮಲಗಿದಳು, ಹಸಿ ಮರಳ ಮೇಲೆ,
ಗದ್ದ ಊರಿ, ಭೂತಗನ್ನಡಿ ಹಿಡಿದು.
"ನಾಯಿಯೊಂದು ಕಡಿಮೆ ನೋಡು, ಗೊಲ್ವೆನ್" ಎನ್ನುವಳು.

ಹುಡುಕುತ್ತಿದ್ದುದು ಹುಳ.
ಅಕ್ಕಿಕಾಳಿಗಿಂತ ಸಣ್ಣದು, ಹಸಿರು, ಬೆಳೆದ ಮೇಲೆ ಉಣ್ಣದ್ದು;
ಮೈಯೊಳಗೆ ಪಾಚಿ ಸಾಕಿ ಬಿಸಿಲು ಕುಡಿದು ಬದುಕುವುದು.
ಇಳಿತಕ್ಕೆ ಮೇಲೆ ಬರುತ್ತದೆ ಹಿಂಡುಹಿಂಡಾಗಿ
ಯಾರೋ ಸೊಪ್ಪಿನ ಸಾರು ಚೆಲ್ಲಿದ ಹಾಗೆ.
ಹೆಜ್ಜೆ ಅದುರಿದರೆ ಸಾಕು, ಸಾರು ಇಂಗುತ್ತದೆ.
ಅದಕ್ಕೇ ಮರದ ಮೆಟ್ಟು ಕಳಚಿ, ಬರಿಗಾಲಲ್ಲಿ,
ಜನವರಿಯಲ್ಲಿ.
ಚಿಪ್ಪು ಆಯುವ ಹೆಂಗಸರು ನಗುತ್ತಿದ್ದರು:
ತಿನ್ನಲು ಬಾರದ್ದಕ್ಕೆ ಇಷ್ಟು ಬಗ್ಗುವವಳುಂಟೆ?

ಬಟ್ಟಲಲ್ಲಿ ಮರಳು ಸಮೇತ ತಂದು ಕಿಟಕಿಯಲ್ಲಿಟ್ಟಳು.
ಅಲೆಯಿಲ್ಲ, ಉಬ್ಬರವಿಲ್ಲ, ಆದರೂ
ಕಡಲು ಹೊರಟ ಹೊತ್ತಿಗೇ ಮೇಲೆ ಬಂದವು,
ಕಡಲು ಮರಳುವ ಹೊತ್ತಿಗೇ ಕೆಳಗಿಳಿದವು.
ನಾನು ಓಡಿ ಹೋಗಿ ನೋಡಿ ಬಂದೆ.
ನಿಜ, ದೋಣಿಗಳು ಕೆಸರಲ್ಲಿ ಕೂತಿದ್ದವು.
"ಗಡಿಯಾರ ಎಲ್ಲಿಟ್ಟುಕೊಂಡಿವೆ ಇವು?" ಅಂದೆ.
"ಅದನ್ನೇ ಕೇಳುತ್ತಿದ್ದೇನೆ" ಅಂದಳು.
ಹನ್ನೊಂದು ವರ್ಷ ಕೇಳಿದಳು.

ಚಿತ್ರ ಬರೆಯುತ್ತಿದ್ದವನು ರಫಾಯೆಲ್ ಕ್ರೆಮ್ಯೂ.
ಕೂದಲೆಳೆಯ ಕುಂಚ, ಊಟದಲ್ಲೂ ಶಾಯಿ ಬೆರಳು.
ಸೀಸೆಯ ಚೀಟಿಗಳೂ ಅವನ ಅಕ್ಷರವೇ:
ಸೊಟ್ಟ ಬಾಲದ ಒಂಬತ್ತು.

ನಲವತ್ತನೆಯ ಇಸವಿ, ಎಲೆ ಉದುರುವಾಗ ಕಾಗದವೊಂದು ಬಂತು.
ಸರ್ಕಾರಿ ಸಂಬಳದವರೆಲ್ಲ ಬರೆದುಕೊಡಬೇಕು: ನಾನು ಯಹೂದಿಯಲ್ಲ.
ನಿರ್ದೇಶಕರು ಸಹಿ ಹಾಕಿದರು. ಗುಮಾಸ್ತ ಹಾಕಿದ.
ನಾನು ಹಾಕಿದೆ; ಸೀಸೆ ತೊಳೆಯುವವನಿಗೂ ಒಂದು ಸಾಲು ಬಿಟ್ಟಿದ್ದರು.
ಸೊಲಾಂಜ್ ಹಾಕಿದಳು.
ರಫಾಯೆಲ್ ಪೆನ್ಸಿಲ್ಲುಗಳನ್ನು ಚೂಪು ಮಾಡಿ, ಡಬ್ಬಿಯಲ್ಲಿ ಬಿಟ್ಟು,
ಮಧ್ಯಾಹ್ನದ ಬಸ್ಸು ಹತ್ತಿದ.
ನಾಂತ್ ಊರಿಂದ ಒಂದು ಪತ್ರ ಬಂತು. ಆಮೇಲೆ ಇಲ್ಲ.

ಯುದ್ಧ ಮುಗಿಯಿತು. ಹೊಸ ನಿರ್ದೇಶಕ ಊಟದ ಮೇಜಿನಲ್ಲಿ
ಯಾರನ್ನೋ ಜರೆಯುತ್ತ "ಬೆನ್ನೆಲುಬಿಲ್ಲದ ಹುಳ" ಅಂದ.
ಅವಳು ಚಮಚ ಕೆಳಗಿಟ್ಟಳು.
"ಹುಳ ಯಾವ ಕಾಗದಕ್ಕೂ ಸಹಿ ಹಾಕಿಲ್ಲ, ಮಹಾಶಯರೇ.
ಬೆನ್ನೆಲುಬು ನನಗಿದೆ. ಮೂವತ್ತಮೂರು ಮಣಿ.
ಎಣಿಸಿದ್ದೇನೆ."
ಎಲ್ಲರ ಸೂಪೂ ಆರಿತು.

ಪದಕ ಬಂತು; ಕಾಗದ ಹಾರದಿರಲೆಂದು ಮೇಜಿನ ಮೇಲಿಟ್ಟಳು.
ಆರು ಹೊಸ ಹುಳಗಳಿಗೆ ಹೆಸರಿಟ್ಟಳು,
ಒಂದಕ್ಕೂ ಅವನ ಹೆಸರಿಲ್ಲ. ಕೇಳಿದೆ.
"ಸತ್ತವರ ನೆನಪಿಗೆ ಇಡುತ್ತಾರೆ ಹಾಗೆಲ್ಲ.
ಸತ್ತನೆಂದು ನಿನಗೆ ಯಾರು ಹೇಳಿದರು?"
ಹತ್ತು ವರ್ಷಕ್ಕೊಮ್ಮೆ ಸ್ಪಿರಿಟ್ಟು ಹೊಸದು, ಚೀಟಿ ಹೊಸದು, ಅದು ನಿಯಮ.
ಮೂಲೆಯ ಮೂರು ಸೀಸೆಗೆ ಮಾತ್ರ
"ಚೀಟಿ ಮುಟ್ಟಬೇಡ" ಅಂದಳು. ನಾನು ಮುಟ್ಟಲಿಲ್ಲ.

ನಿವೃತ್ತಿಯ ದಿನ ಬಟ್ಟಲೊಂದನ್ನು ತೊಡೆಯ ಮೇಲಿಟ್ಟುಕೊಂಡೇ
ರೈಲಿನಲ್ಲಿ ತಿಯೇರಿಗೆ ಹೋದಳು.
ವಾರದಲ್ಲಿ ಕಾರ್ಡು ಬಂತು:
"ಮೂರು ದಿನ ಸರಿಯಾಗಿ ಏರಿಳಿದವು.
ನಾಲ್ಕನೆಯ ದಿನ ತಡವರಿಸಿದವು.
ಈಗ ಯಾವಾಗೆಂದರೆ ಆವಾಗ.
ಅಲ್ಲಿ ಇಳಿತ ಎಷ್ಟು ಹೊತ್ತಿಗೆ? ಬರೆ."

ಅಂಚೆ ತಲುಪುವಷ್ಟರಲ್ಲಿ ಅದು ಹಳೆಯ ನೀರು. ಗೊತ್ತು.
ಆದರೂ ಗೋಡೆಯ ಪಟ್ಟಿ ನೋಡಿ ಕೂತು ಬರೆದೆ:
ಮಂಗಳವಾರ, ಒಂಬತ್ತು ಗಂಟೆ ಒಂಬತ್ತು ನಿಮಿಷ.
ಅಂಕಿಯಲ್ಲೇ ಬರೆದೆ. ಬಾಲ ಸೊಟ್ಟಗಾಯಿತು, ಹಾಗೇ ಬಿಟ್ಟೆ.
ಬುಧವಾರ, ಹತ್ತಕ್ಕೆ ಐದು ಕಡಿಮೆ.