ಹುರುಳಿಯ ವಿಚಾರ

ನಾಲ್ಕು ಹಲ್ಲು. ಎರಡು ಆಳ, ಎರಡು ಬರೀ ಗೀರು.
ಶಿಡ್ಲಘಟ್ಟದ ದೊಡ್ಡಾಸ್ಪತ್ರೆಯ ನರ್ಸು
ನಲ್ಲಿ ಕೆಳಗೆ ಹುಡುಗನ ಮೀನಖಂಡ ಹಿಡಿಸಿ
ಕಾಲು ಗಂಟೆ ಸೋಪು ಹಾಕಿ ತೊಳೆಸಿದರು.
ಗಾಯದ ಸುತ್ತ ಒಂದು ಸೂಜಿ, ತೋಳಿಗೆ ಒಂದು.
ಚೀಟಿಯ ಮೇಲೆ ತಾರೀಕು: ಮೂರನೇ ದಿನ, ಏಳನೇ ದಿನ,
ಇಪ್ಪತ್ತೆಂಟಕ್ಕೆ ಮರೀಬೇಡಿ.
ಸಾಕಿದ್ದೋ ಬೀದೀದೋ?
ಸಾಕಿದ್ದು ಅಂದೆ.
ಮುಂಚೆ ಯಾರಿಗಾದ್ರೂ ಕಚ್ಚಿತ್ತಾ?
ಇಲ್ಲ ಅಂದೆ.
ಹಾಗಾದ್ರೆ ಹತ್ತು ದಿನ ಕಣ್ಣಿಟ್ಟಿರಿ,
ಓಡಿಸಬೇಡಿ, ಸಾಯಿಸಬೇಡಿ.

ಮನೆಗೆ ಬಂದರೆ ಮೈದುನ ಪಿಳ್ಳಾಂಜಿನಪ್ಪ
ಗೂಡಿನ ಮೂಟೆ ಕಟ್ಟುವ ಹಗ್ಗ ಹಿಡಿದು ನಿಂತಿದ್ದ.
ಟೆಂಪೋದಲ್ಲಿ ಹಾಕ್ಕೊಂಡು
ದಿಬ್ಬೂರಹಳ್ಳಿ ಆಚೆ ಬಿಟ್ಟು ಬರ್ತೀನಿ ಅಂತ.
ಅಲ್ಲೇನು ಮಕ್ಕಳಿಲ್ವೇನೋ ಅಂದರು ಅತ್ತೆ.
ಒಂದು ಇಂಜೆಕ್ಷನ್ನು ಹಾಕಿಸಿದರೆ ನಿದ್ದೆಯಲ್ಲೇ ಹೋಗುತ್ತೆ,
ಇದು ಡೈರಿಯಲ್ಲಿ ಯಾರೋ ಅಂದ ಮಾತು.
ಗಂಡ ಚಾಕಿ ಹುಳಕ್ಕೆ ಸೊಪ್ಪು ಕತ್ತರಿಸುತ್ತಿದ್ದ,
ಕತ್ತರಿಸಿದ್ದನ್ನೇ ಮತ್ತೆ ಕತ್ತರಿಸುತ್ತಿದ್ದ.
ಲೋಹಿತನೇ ಬಾಲ ತುಳಿದಿರ್ತಾನೆ ಅಂದಳು ಮಗಳು,
ಅಳು ನುಂಗುತ್ತಾ.

ತುಳಿಯಲಿಲ್ಲ.
ಅಜ್ಜಿಗೆ ಜರಡಿ ಬೇಕಂತೆ ಎಂದು
ಗೇಟಿನ ಆಚೆಯೇ ನಿಂತಿದ್ದ, ಒಂದು ಕಾಲ ಮೇಲೆ ಇನ್ನೊಂದು ಕಾಲಿಟ್ಟು.
ಏನೂ ಮಾಡಲ್ಲ, ಬಾರೋ ಒಳಗೆ
ಅಂದವಳು ನಾನು.

ಹುರುಳಿ ಈಗ ಕೊಟ್ಟಿಗೆಯ ಗೂಟದಲ್ಲಿದೆ.
ಮುದ್ದೆ ಹಾಕಿದರೆ ಹಳೇ ಥರವೇ
ಮೊದಲು ನನ್ನ ಮುಖ ನೋಡುತ್ತೆ, ಆಮೇಲೆ ತಟ್ಟೆ.
ಅದಕ್ಕೆ ಏನೂ ನೆನಪಿಲ್ಲ.
ನೆನಪಿಟ್ಟುಕೊಳ್ಳುವ ಕೆಲಸ ನನ್ನದು:
ಗೌರಿ ಹಬ್ಬಕ್ಕೆ ಮುಂಚೆ, ಮಧ್ಯಾಹ್ನ,
ಮಲಗಿದ್ದ ಅದರ ಕಿವಿಯಿಂದ ಉಣ್ಣೆ ತೆಗೆಯಲು ಹೋಗಿ
ಮೊಣಕೈ ಕೆಳಗೆ ಇದೇ ನಾಲ್ಕು ಹಲ್ಲು.
ಚಂದ್ರಿಕೆಯ ಸೀಳು ತಗುಲಿತು ಅಂದಿದ್ದೆ ಎಲ್ಲರಿಗೂ.
ಅರಿಸಿನ ಮೆತ್ತಿ, ಉದ್ದ ತೋಳಿನ ರವಿಕೆ ಹಾಕಿ
ನಂಬಿಸಿದ್ದೆ. ನಾನೂ ಅರ್ಧ ನಂಬಿದ್ದೆ.

ಮೂರನೇ ದಿನ, ಏಳನೇ ದಿನ
ಹುಡುಗನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ.
ಬಸ್ ಸ್ಟ್ಯಾಂಡಿನಲ್ಲಿ ಬೋಂಡ ಕೊಡಿಸಿದೆ.
ನನ್ನ ಸೊಂಟ ಹಿಡಿದವನು
ಬೀದಿ ನಾಯಿ ಕಂಡಾಗಲೆಲ್ಲ
ಎರಡೂ ಕಾಲು ಮೇಲೆತ್ತುತ್ತಿದ್ದ.

ಇವತ್ತು ಹತ್ತು.
ಹುರುಳಿ ಚೆನ್ನಾಗಿದೆ, ನೀರು ಕುಡಿಯುತ್ತಿದೆ.
ಸದ್ಯ, ಅಂದರು ಅತ್ತೆ.
ಗಂಡ ಕೊಟ್ಟಿಗೆ ಬಾಗಿಲಿಗೆ
ಕಬ್ಬಿಣದ ಜಾಲರಿಯ ಅಳತೆ ತಗೊಂಡ.
ಹಗ್ಗ ಇನ್ನೂ ಜಗಲಿ ಮೇಲಿದೆ.

ರವಿಕೆ ತೋಳು ಮೇಲಕ್ಕೆ ಮಡಿಸಿ,
ಅವತ್ತು ಕೊಡದೆ ಉಳಿದ ಜರಡಿ ತಗೊಂಡು
ಅಶ್ವತ್ಥಮ್ಮನ ಬಾಗಿಲಿಗೆ ಹೋದೆ.
ನಾಯಿಯನ್ನು ಏನು ಮಾಡೋದು ಅಂತ
ಅವಳನ್ನು ಕೇಳದೆ ನಾವು ನಾವೇ ಹತ್ತು ದಿನ ಮಾತಾಡಿದ್ದೆವು.
ಜರಡಿ ಈಸಿಕೊಂಡಳು.
ಕೈ ನೋಡಿದಳು, ನನ್ನನ್ನಲ್ಲ.
ಯಾವಾಗ? ಅಂದಳು.
ಹೇಳಿದೆ.

ಅವಳು ಬೆರಳು ಮಡಿಸುತ್ತಾ ಲೆಕ್ಕ ಹಾಕತೊಡಗಿದಳು.
ಒಳಗೆ ಬಾ ಅನ್ನಲಿಲ್ಲ.
ಲೆಕ್ಕ ಮುಗಿಯುವವರೆಗೂ
ಹೊಸ್ತಿಲ ಆಚೆಯೇ ನಿಂತಿದ್ದೆ.